ನೀರಿಗೆ ಬಿದ್ದ ಸೆಟ್ಟನ್ನು ನಾನು ನೀರಲ್ಲೇ ತೊಳೆಯುತ್ತೇನೆ

"ನೀರಿಗೆ ಬಿದ್ದಿದ್ದನ್ನ ಮತ್ತೆ ನೀರಿಗೇ ಹಾಕ್ತೀಯಲ್ಲ ಮಾರಾಯ, ತಲೆ ಸರಿ ಇದೆಯಾ?" ಪಕ್ಕದ ಅಂಗಡಿಯವರು ಇದನ್ನು ಎರಡು ಮಳೆಗಾಲ ಹೇಳಿದರು. ನನಗಿಂತ ಹತ್ತು ವರ್ಷ ಹಿರಿಯರು, ಬಟನ್ ಸೆಟ್ ಕಾಲದಿಂದ ಮೊಬೈಲ್ ರಿಪೇರಿ ಮಾಡಿದವರು. ನನ್ನದೂ ಅದೇ ಕಸುಬು. ನಾನು ಎದುರು ಮಾತಾಡಲಿಲ್ಲ. ಈ ಮಳೆಗಾಲದಲ್ಲಿ ನನ್ನ ಹತ್ತಿರ ನಲವತ್ತು ಚಿಲ್ಲರೆ ವಾಟರ್ ಸೆಟ್, ಅಂದರೆ ನೀರು ಹೊಕ್ಕ ಮೊಬೈಲ್, ಬಂದವು. ಅದರಲ್ಲಿ ಮೂವತ್ತರ ಹತ್ತಿರ ಎದ್ದು ಕೂತಿವೆ. ಬರೆದಿಟ್ಟಿಲ್ಲ, ನೆನಪಿನ ಲೆಕ್ಕ. ಆದರೂ ಈಗ ಮಾತಾಡಬಹುದು ಅನ್ನಿಸಿತು.

ನಮ್ಮದು ತೀರ್ಥಹಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಡಿಸ್‌ಪ್ಲೇ ಒಡೆದ ಸೆಟ್ಟಿಗಿಂತ ನೀರು ಕುಡಿದ ಸೆಟ್ಟೇ ಜಾಸ್ತಿ. ತುಂಗೆಗೆ ಬಿದ್ದದ್ದು, ಬಚ್ಚಲ ಹಂಡೆಗೆ ಬಿದ್ದದ್ದು, ಜೇಬಲ್ಲೇ ನೆನೆದದ್ದು. ಇನ್ನು "ಕೈ ಜಾರಿ ಬಕೆಟ್‌ಗೆ ಬಿತ್ತು" ಎನ್ನುವ ಟಾಯ್ಲೆಟ್ ಕೇಸುಗಳು. ವಾಸನೆಯಲ್ಲೇ ಗೊತ್ತಾಗುತ್ತದೆ, ನಾನು ಕೇಳಲು ಹೋಗುವುದಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ಒಣಗಿಸುತ್ತಿದ್ದೆ. ಬಿಚ್ಚು, ಥಿನ್ನರಲ್ಲಿ ಬ್ರಷ್ ಉಜ್ಜು, ಬಿಸಿಗಾಳಿಯ ಬ್ಲೋವರ್ ಹಿಡಿ, ಜೋಡಿಸು. ಆನ್ ಆಗುತ್ತಿತ್ತು. ಗಿರಾಕಿ ಐನೂರು ಕೊಟ್ಟು ಖುಷಿಯಿಂದ ಹೋಗುತ್ತಿದ್ದ. ಹದಿನೈದು ದಿನಕ್ಕೆ ವಾಪಸ್. ಡಿಸ್‌ಪ್ಲೇಗೆ ಲೈಟ್ ಇಲ್ಲ, ಅಥವಾ ನೆಟ್‌ವರ್ಕ್ ಇಲ್ಲ. ಬೋರ್ಡ್ ಮೇಲಿನ ತಗಡಿನ ಮುಚ್ಚಳ, ಅದೇ ಶೀಲ್ಡ್, ಎತ್ತಿದರೆ ಒಳಗೆ ಹಸಿರು ಪಾಚಿ ಕಟ್ಟಿದ ಹಾಗೆ. ನೀರು ಆರಿತ್ತು, ನೀರಿನ ಜೊತೆ ಬಂದ ಉಪ್ಪು, ಕೆಸರು ಅಲ್ಲೇ ಕೂತಿತ್ತು. ನಮ್ಮ ಊರಿನ ಗಾಳಿಯಲ್ಲಿ ತೇವಕ್ಕೇನು ಬರ? ಬ್ಯಾಟರಿ ಸಿಕ್ಕಿಸಿದ ದಿನದಿಂದ ತಿನ್ನಲು ಶುರು. ಬ್ಯಾಕ್‌ಲೈಟ್ ಲೈನ್ ಮೊದಲು ಹೋಗುವುದೂ ಇದಕ್ಕೇ, ಅಲ್ಲಿ ಇಪ್ಪತ್ತು ವೋಲ್ಟಿನ ಆಚೀಚೆ ಓಡುತ್ತದೆ ಅಲ್ವಾ.

ಒಂದು ವರ್ಷ ಗಿರಾಕಿಗಳಿಗೆ ವಾಪಸ್ ಕೊಟ್ಟ ದುಡ್ಡೇ ಎಂಟು ಸಾವಿರ ದಾಟಿತ್ತು. ಬ್ಲೋವರ್ ಹಿಡಿದು ನಾನೇ ಸುಟ್ಟ ಎರಡು ಫೋಲ್ಡರ್, ಅಂದರೆ ಗಾಜು ಸಮೇತ ಡಿಸ್‌ಪ್ಲೇ, ಲೆಕ್ಕ ಬೇರೆ.

ದಾರಿ ತಪ್ಪಿಸಿದ್ದು, ಅಂದರೆ ಸರಿದಾರಿಗೆ ತಂದದ್ದು, ಅಡಿಕೆ ಮರ ಹತ್ತಿ ಕೆಲಸ ಮಾಡುವ ಒಬ್ಬ ಕೊನೆಗೌಡರ ಫೋನು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಸಮಯ. ಬಗ್ಗಿ ಡ್ರಮ್ಮಿನ ಔಷಧಿ ಕಲಕುವಾಗ ಅಂಗಿ ಜೇಬಿನಿಂದ ಫೋನು ಸೀದಾ ಒಳಗೆ. ಇನ್ನೂರು ಲೀಟರ್ ಬೋರ್ಡೋ ದ್ರಾವಣ, ಎರಡು ಕೆಜಿ ಮೈಲುತುತ್ತ, ಎರಡು ಕೆಜಿ ಸುಣ್ಣ. ಕೋಲು ಹಾಕಿ ತಡಕಿ ತೆಗೆಯುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತಂತೆ. ಸಂಜೆ ನನ್ನ ಟೇಬಲ್ ಮೇಲೆ ಇಟ್ಟಾಗ ಚಾರ್ಜಿಂಗ್ ತೂತಿನಿಂದ ನೀಲಿ ರಾಡಿ ಇಳಿಯುತ್ತಿತ್ತು. "ಫೋನು ಹೋದರೆ ಹೋಗ್ಲಿ ಮಾರಾಯ್ರೆ, ಮಗಳ ಮದುವೆ ಫೋಟೊ ಎಲ್ಲ ಇದರಲ್ಲೇ ಉಂಟು" ಎಂದರು.

ಬೋರ್ಡ್ ಬಿಚ್ಚಿದೆ. ಶೀಲ್ಡ್ ಅಂಚಿನಲ್ಲೆಲ್ಲ ತಿಳಿನೀಲಿ ಗಾರೆ. ಥಿನ್ನರಿಗೆ ಸುಣ್ಣ ಬಿಡುವುದಿಲ್ಲ, ಐಪಿಎ ಅನ್ನುವ ಆಲ್ಕೋಹಾಲಿಗೂ ಬಿಡುವುದಿಲ್ಲ. ಸುಣ್ಣ ಹಿಡಿದ ಪಾತ್ರೆಗೆ ಮನೆಯಲ್ಲಿ ಏನು ಮಾಡುತ್ತಾರೆ? ಹುಳಿ ಹಾಕುತ್ತಾರೆ. ಇನ್ವರ್ಟರ್‌ಗೆ ತಂದಿಟ್ಟಿದ್ದ ಡಿಸ್ಟಿಲ್ಡ್ ವಾಟರ್ ಕ್ಯಾನ್ ತೆಗೆದೆ. ಮೊದಲು ಅದರಲ್ಲೇ ಬೋರ್ಡ್ ಜಾಲಿಸಿದೆ. ಆಮೇಲೆ ನೀರು ಬೆರೆಸಿದ ಬಿಳಿ ವಿನೆಗರ್. ಮತ್ತೆ ಡಿಸ್ಟಿಲ್ಡ್ ವಾಟರ್, ಮೂರು ಸಲ. ಕೊನೆಗೆ ಐಪಿಎ, ನೀರನ್ನು ಓಡಿಸಲು. ವಿನೆಗರ್ ಎಷ್ಟಕ್ಕೆ ಎಷ್ಟು, ಎಷ್ಟು ಸೆಕೆಂಡು ಅಂತ ಕೇಳಬೇಡಿ. ಅದನ್ನು ಪಕ್ಕಾ ಮಾಡಿಕೊಳ್ಳಲು ಆಮೇಲೆ ನಾಲ್ಕು ಡೆಡ್ ಬೋರ್ಡ್ ಬಲಿ ಕೊಟ್ಟಿದ್ದೇನೆ, ನನ್ನ ಹತ್ತಿರವೇ ಇರಲಿ.

ಮಾರನೆ ದಿನ ಬ್ಯಾಟರಿ ಬದಲು ಡಿಸಿ ಸಪ್ಲೈ ಕೊಟ್ಟೆ. ಸ್ವಿಚ್ ಒತ್ತುವ ಮೊದಲೇ ಒಂದೂವರೆ ಆಂಪಿಯರ್ ಎಳೆಯಿತು. ಬ್ಯಾಟರಿ ಲೈನೇ ಶಾರ್ಟ್. ಎಲ್ಲಿ ಬಿಸಿಯಾಗುತ್ತದೆ ಅಂತ ಹುಡುಕಲು ಬೆಸುಗೆಯ ರೋಸಿನ್ ಹೊಗೆ ಹಿಡಿದೆ, ಬೋರ್ಡ್ ಮೇಲೆ ಇಬ್ಬನಿ ಬಿದ್ದ ಹಾಗೆ ಬೆಳ್ಳಗಾಯಿತು. ವೋಲ್ಟೇಜ್ ಇಳಿಸಿ ಮತ್ತೆ ಕೊಟ್ಟೆ. ಪವರ್ ಐಸಿ ಪಕ್ಕದ ಒಂದು ಕೆಪ್ಯಾಸಿಟರ್ ಮೇಲೆ ಮಾತ್ರ ಇಬ್ಬನಿ ಕರಗಿ ಕರಿ ಚುಕ್ಕೆ ಕಂಡಿತು. ಕಿತ್ತೆ, ಬೇರೆ ಹಾಕಲಿಲ್ಲ. ಈಗ ಸೊನ್ನೆ. ಸ್ವಿಚ್ ಒತ್ತಿದರೆ ಅರವತ್ತು ಎಪ್ಪತ್ತು ಮಿಲಿ ಆಂಪಿಯರ್, ಸ್ವಲ್ಪ ತಡೆದು ಮುನ್ನೂರರ ತನಕ ಕುಣಿಯಿತು. ಆ ಕುಣಿತ ಬಂದರೆ ಸಾಕು, ಲೋಗೋ ನೋಡುವ ಮೊದಲೇ ನಾನು ಚಾ ಹೇಳಿಬಿಡುತ್ತೇನೆ. ಬ್ಯಾಟರಿ, ಚಾರ್ಜಿಂಗ್ ತೂತಿರುವ ಸಿಸಿ ಬೋರ್ಡ್ ಹೊಸದು, ಒಟ್ಟು ಸಾವಿರದ ನಾನೂರು ತೆಗೆದುಕೊಂಡೆ. ಮದುವೆ ಫೋಟೊ ಅಷ್ಟೂ ಇತ್ತು.

ಆಮೇಲೆ ಎಲ್ಲ ವಾಟರ್ ಸೆಟ್ಟಿಗೂ ಇದೇ ಸ್ನಾನ, ಸುಣ್ಣ ಇಲ್ಲದಿದ್ದರೆ ವಿನೆಗರ್ ಬೇಡ ಅಷ್ಟೆ. ಬ್ಯಾಟರಿ ಸ್ಟ್ರಿಪ್ ಮೊದಲು ಬಿಚ್ಚುವುದು ನಿಮಗೆ ಹೇಳಬೇಕಿಲ್ಲ. ಶೀಲ್ಡ್ ತೆಗೆಯಲು ಮಾತ್ರ ಸೋಮಾರಿತನ ಬೇಡ. ಕೊಳೆ ಇರುವುದೇ ಅದರ ಕೆಳಗೆ.

ಅಲ್ಟ್ರಾಸೋನಿಕ್‌ನಲ್ಲಿ, ಅಂದರೆ ನೀರನ್ನು ನಡುಗಿಸಿ ಕೊಳೆ ಬಿಡಿಸುವ ಮೆಷಿನ್‌ನಲ್ಲಿ, ನಾನು ಕಳೆದುಕೊಂಡದ್ದು ಹೇಳಿದರೆ ನಗುತ್ತೀರಿ. ಮೊದಲು ಕನ್ನಡಕ ತೊಳೆಯುವ ಚಿಕ್ಕ ಡಬ್ಬಿ ತಂದೆ, ಸಾವಿರದ ಇನ್ನೂರೋ ಏನೋ. ಗುಂಯ್ ಅನ್ನುತ್ತದೆ, ಕೊಳೆ ಅಲ್ಲಾಡುವುದಿಲ್ಲ. ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎರಡು ಲೀಟರಿನದು ತಂದೆ, ಆರು ಸಾವಿರದ ಹತ್ತಿರ. ಅದರ ಜೋರು ನೋಡಿ ತಲೆ ತಿರುಗಿ ಒಂದು ದಿನ ಕ್ಯಾಮೆರಾ ಸಮೇತ ಮುಳುಗಿಸಿದೆ. ಕ್ಯಾಮೆರಾ ಫೋಕಸ್ ಹೋಯಿತು, ಮೈಕೂ ಹೋಯಿತು. ಮೂರು ಸಾವಿರದ ಇನ್ನೂರು ಕೈಯಿಂದ. ಈಗ ಬರೀ ಬೋರ್ಡ್ ಮಾತ್ರ ಇಳಿಯುತ್ತದೆ. ಇನ್ನೊಂದು, ಐಪಿಎ ತೆರೆದಿಟ್ಟು ಪಕ್ಕದಲ್ಲಿ ಬ್ಲೋವರ್ ಹಚ್ಚಬೇಡಿ. ನನ್ನ ಬಲಗೈ ಕೂದಲು ಹಾಗೇ ಹೋದದ್ದು. ಒಣಗಿಸಲು ಮರದ ಪೆಟ್ಟಿಗೆ, ಒಳಗೆ ಅರವತ್ತು ವ್ಯಾಟಿನ ಹಳೇ ಬಲ್ಬು, ಕೋಳಿಮರಿಗೆ ಇಡುತ್ತಾರಲ್ಲ ಹಾಗೆ. ಐವತ್ತು ಡಿಗ್ರಿ ದಾಟಲು ಬಿಡುವುದಿಲ್ಲ. ನಾಲ್ಕು ಗಂಟೆ. ಸಿಪಿಯು ಕೆಳಗೆ ಗಮ್ ಇದ್ದರೆ ರಾತ್ರಿಯಿಡೀ.

ಅಕ್ಕಿ ವಿಷಯ ಬಿಡಲಾಗುತ್ತಿಲ್ಲ. ಹತ್ತರಲ್ಲಿ ಆರು ಸೆಟ್ ಅಕ್ಕಿ ಡಬ್ಬಿಯಿಂದಲೇ ಎದ್ದು ಬರುತ್ತವೆ. ಒಂದರ ಚಾರ್ಜಿಂಗ್ ತೂತಿನಿಂದ ಊದಿದ ಅಕ್ಕಿಕಾಳನ್ನು ಪಿನ್ನಿನಲ್ಲಿ ಕಿತ್ತಿದ್ದೇನೆ. ಸುಮ್ನೆ ಒಂದು ದಿನ ಪಾತ್ರೆ ತಿಕ್ಕುವ ಸ್ಪಾಂಜನ್ನು ಮೂರು ತುಂಡು ಮಾಡಿದೆ. ತಲಾ ಐದು ಗ್ರಾಂ ನೀರು ಹಾಕಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದೆ. ಒಂದು ಅಕ್ಕಿಯಲ್ಲಿ, ಒಂದು ಚಪ್ಪಲಿ ಡಬ್ಬಿಯ ಸಿಲಿಕಾ ಪೊಟ್ಟಣಗಳ ನಡುವೆ, ಒಂದು ಫ್ಯಾನ್ ಕೆಳಗೆ. ಬೆಳಿಗ್ಗೆ ಫ್ಯಾನಿನದು ಪೂರ್ತಿ ಒಣಗಿತ್ತು. ಸಿಲಿಕಾದ್ದು ಅರ್ಧ. ಅಕ್ಕಿಯದು ಎಲ್ಲಕ್ಕಿಂತ ಹಸಿ. 2024ರಲ್ಲಿ ಆಪಲ್ ಕಂಪನಿಯೇ ಐಫೋನನ್ನು ಅಕ್ಕಿಗೆ ಹಾಕಬೇಡಿ, ಅಕ್ಕಿ ಪುಡಿಯಿಂದ ಹಾಳಾಗಬಹುದು ಎಂದು ಹೇಳಿತು. ಇಷ್ಟಾದರೂ ನಮ್ಮ ಅತ್ತೆ ಹೋದ ತಿಂಗಳು ತಮ್ಮ ಫೋನನ್ನು ಅಕ್ಕಿಗೇ ಹಾಕಿದರು, ಅಳಿಯ ಇದೇ ಕಸುಬಿನವನು.

ಸೋತದ್ದೂ ಇದೆ. ಮುರುಡೇಶ್ವರದಲ್ಲಿ ಸಮುದ್ರಕ್ಕೆ ಬಿದ್ದ ಸೆಟ್ಟು, ವಾಟರ್‌ಪ್ರೂಫ್ ಅಂತ ನಂಬಿ ಒರೆಸಿ ಎರಡು ದಿನ ಚಾರ್ಜಿಗೆ ಹಾಕಿ ನೋಡಿದ್ದಾರೆ. ನೀರು ತಡೆಯುತ್ತದೆ ಅನ್ನುವ ಗುರುತು ಐಪಿ 68, ಅದಕ್ಕೆ ಟೆಸ್ಟ್ ಮಾಡುವುದು ಹೊಸ ಸೆಟ್ಟಿಗೆ, ಸಿಹಿನೀರಲ್ಲಿ. ಇದರ ಹಿಂಬದಿ ಒಮ್ಮೆ ಬಿಚ್ಚಿ ಅಂಟಿಸಿದ್ದೂ ಆಗಿತ್ತು. ತೊಳೆದೆ, ತುಂಡಾದ ಲೈನಿಗೆ ಜಂಪರ್ ತಂತಿ ಎಳೆದೆ, ಮೂರು ದಿನ ಕೂತೆ. ಕನೆಕ್ಟರ್ ಕಾಲುಗಳೇ ಪುಡಿಯಾಗಿದ್ದವು. ದುಡ್ಡು ತೆಗೆದುಕೊಳ್ಳಲಿಲ್ಲ.

ಪಕ್ಕದ ಅಂಗಡಿಯವರು ಈಗಲೂ ನನ್ನ ವಿಧಾನ ಸರಿ ಎಂದು ಬಾಯಿಬಿಟ್ಟು ಹೇಳಿಲ್ಲ. ಆಗಸ್ಟಿನಿಂದ ಅವರ ಹುಡುಗನ ಕೈಯಲ್ಲಿ ಬೋರ್ಡ್ ಕಳಿಸುತ್ತಾರೆ. ಒಂದಕ್ಕೆ ನೂರೈವತ್ತು. ಗಿರಾಕಿಗೆ ತಾವೇ ಮಾಡಿದ್ದು ಅನ್ನುತ್ತಾರಂತೆ, ಅನ್ನಲಿ. ಮೊನ್ನೆ ಹುಡುಗ ಟಿಶ್ಯೂ ಪೇಪರಲ್ಲಿ ಸುತ್ತಿದ್ದನ್ನು ಟೇಬಲ್ ಮೇಲಿಟ್ಟು, "ಅಣ್ಣಾ, ಇದಕ್ಕೂ ಸ್ನಾನ ಮಾಡಿಸ್ಬೇಕಂತೆ" ಎಂದ.