ಚೈತ್ರದ ಬಿಸಿಲಿಗೆ ಗಿಡ ಉಳಿಸಿಕೊಳ್ಳುವುದು

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯಿತು. ಹೋಳಿ ಹುಣ್ಣಿಮೆ ದಾಟುವಷ್ಟರಲ್ಲಿ ವಿಜಯಪುರದ ಮಧ್ಯಾಹ್ನ 37–38 ಡಿಗ್ರಿ ಮುಟ್ಟುತ್ತದೆ. ಸರಿಯಾಗಿ ಇದೇ ಹೊತ್ತಿಗೆ ಎಲ್ಲರಿಗೂ ಗಿಡ ಹಚ್ಚುವ ಹುಮ್ಮಸ್ಸು ಬರುತ್ತದೆ ನೋಡಿ. ಬೇವು ಚಿಗುರಿದೆ, ಮಾವು ಕಾಯಿ ಕಟ್ಟಿದೆ, ಕೋಗಿಲೆ ಕೂಗುತ್ತಿದೆ, ನಾವೂ ಏನಾದರೂ ಬೆಳೆಯೋಣ ಅಂತ. ಬೆಳಗಾವಿಯ ಗೆಳತಿ ಟೊಮೆಟೊ ಗೊಂಚಲಿನ ಫೋಟೋ ಕಳಿಸುತ್ತಾಳೆ. ಬಾಗಲಕೋಟೆಯವಳು ತನ್ನ ಗಿಡದಲ್ಲಿ ಹೂವೇ ನಿಲ್ಲುತ್ತಿಲ್ಲ ಅಂತ ಗೊಣಗುತ್ತಾಳೆ. ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಆಗುವುದಿಲ್ಲ.

ಬೆಳಗಾವಿ ಎತ್ತರದಲ್ಲಿದೆ, ಸಹ್ಯಾದ್ರಿ ಪಕ್ಕದಲ್ಲೇ ಇದೆ. ಅಲ್ಲಿ ಹಗಲು ಎಷ್ಟೇ ಕಾದರೂ ಸಂಜೆಗೆ ತಂಪು ಗಾಳಿ ಬರುತ್ತದೆ. ನಮ್ಮ ಕಡೆ ರಾತ್ರಿಯೂ ಗೋಡೆ ಬಿಸಿಯಾಗಿರುತ್ತದೆ. ಟೊಮೆಟೊಗೆ ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಖೆ ಇದ್ದರೆ ಹೂವು ಕಾಯಿ ಕಟ್ಟದೆ ಉದುರುತ್ತದೆ. ಅದಕ್ಕೆ ಗೊಬ್ಬರ ಸುರಿದು, ಔಷಧಿ ಹೊಡೆದು ಪ್ರಯೋಜನವಿಲ್ಲ. ಹಾಗಾಗಿ ವಿಜಯಪುರ, ಬಾಗಲಕೋಟೆಯವರಿಗೆ ನಾನು ಹೇಳುವುದು ಇಷ್ಟೇ. ಯುಗಾದಿ ಹೊತ್ತಿಗೆ ಹೊಸ ಗಿಡ ಹಚ್ಚುವ ಆಸೆ ಬಿಡಿ, ಇದ್ದದ್ದನ್ನು ಉಳಿಸಿಕೊಳ್ಳಿ.

ಕೈ ಸುಮ್ಮನಿರುವುದಿಲ್ಲ ಅಂದರೆ ಬೆಂಡೆ, ಚವಳಿಕಾಯಿ, ಅಲಸಂದಿ ಊರಿ. ಈ ಮೂರೂ ಬಿಸಿಲು ತಡೆಯುತ್ತವೆ. ಬೆಂಡೆ ಬೀಜ ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಿಗ್ಗೆ ಊರಿದರೆ ಬೇಗ ಮೊಳೆಯುತ್ತದೆ. ರಾಜಗಿರಿ ಪಲ್ಲೆಯೂ ಬರುತ್ತದೆ. ಕೊತ್ತಂಬರಿ ಮಾತ್ರ ಬಿಸಿಲಿಗೆ ಎಲೆ ಬಿಡುವ ಮೊದಲೇ ಹೂವಿಗೆ ಓಡುತ್ತದೆ. ಈಗ ಅದನ್ನು ಸಂತೆಯಲ್ಲೇ ಕೊಳ್ಳಿ.

ಇನ್ನು ನೀರಿನ ಮಾತು. ಬೇಸಿಗೆಯಲ್ಲಿ ಸಾಯುವ ಗಿಡಗಳಲ್ಲಿ ಬಹಳಷ್ಟು ನೀರು ಕಡಿಮೆಯಾಗಿ ಸಾಯುವುದಿಲ್ಲ, ನೀರು ಹಾಕುವ ರೀತಿ ಸರಿಯಿಲ್ಲದೆ ಸಾಯುತ್ತವೆ. ದಿನಾ ಒಂದು ತಂಬಿಗೆ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಮಧ್ಯಾಹ್ನದ ಕಾವಿಗೆ ಬೇಯುತ್ತದೆ. ನೆಲದ ಗಿಡಕ್ಕೆ ಎರಡು ಮೂರು ದಿನಕ್ಕೊಮ್ಮೆ ಪಾತಿ ತುಂಬಾ ಬಿಡಿ, ಆಗ ಬೇರು ನೀರು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ಹೊತ್ತು ಹುಟ್ಟುವ ಮೊದಲು, ಇಲ್ಲವೇ ಹೊತ್ತು ಮುಳುಗಿ ನೆಲ ಆರಿದ ಮೇಲೆ ಹಾಕಿ. ಮಧ್ಯಾಹ್ನ ಎಲೆ ಬಾಡಿದ್ದು ಕಂಡು ಕೊಡ ಹಿಡಿದು ಓಡಬೇಡಿ. ಸಂಜೆಗೆ ತಾನೇ ಎದ್ದು ನಿಂತರೆ ಅದಕ್ಕೆ ಬಾಯಾರಿಕೆ ಇಲ್ಲ, ಬಿಸಿಲಿಗೆ ತಲೆ ಬಗ್ಗಿಸಿದೆ ಅಷ್ಟೇ. ಬೆಳಿಗ್ಗೆಯೂ ಬಾಡಿಕೊಂಡೇ ಇದ್ದರೆ ಮಾತ್ರ ನೀರು ಬೇಕು ಅಂತ ಅರ್ಥ.

ನಮ್ಮ ಕಪ್ಪು ಎರೆ ಮಣ್ಣಿನದು ಬೇರೆಯೇ ಕಥೆ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಆ ಬಿರುಕು ಸಣ್ಣ ಬೇರುಗಳನ್ನು ಹರಿಯುತ್ತದೆ, ಒಳಗಿನ ಹಸಿಯನ್ನೂ ಹೊರಗೆ ಬಿಡುತ್ತದೆ. ಬಿರುಕಿಗೇ ನೀರು ಸುರಿದರೆ ಸೀದಾ ಆಳಕ್ಕೆ ಇಳಿದುಹೋಗುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಮೊದಲು ಕುರ್ಪಿಯಿಂದ ಮೇಲಿನ ಎರಡು ಬೆರಳು ಮಣ್ಣು ಕೆದರಿ ಪುಡಿ ಮಾಡಿ, ಬಿರುಕು ಮುಚ್ಚಿ, ಆಮೇಲೆ ನೀರು ಬಿಡಿ. ಹೊಲದಲ್ಲಿ ಬಿಳಿಜೋಳದ ಸಾಲಿನ ನಡುವೆ ಎಡೆ ಹೊಡೆಯುವುದು ಇದಕ್ಕೇ ಅಲ್ವಾ? 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದ ಊರುಗಳಲ್ಲಿ ನಮ್ಮ ಬಿಜಾಪುರವೂ ಒಂದು. ಮಳೆ ಕಡಿಮೆ ಇರುವ ಸೀಮೆಯಲ್ಲಿ ಹಸಿ ಉಳಿಸುವುದನ್ನು ಬೇರೆಯವರಿಂದ ಕಲಿಯುವ ಅಗತ್ಯ ನಮಗಿಲ್ಲ.

ಕೆದರಿದ ಮೇಲೆ ನೆಲ ಬರಿದೇ ಬಿಡಬೇಡಿ. ಸುಗ್ಗಿ ಈಗಷ್ಟೇ ಮುಗಿದಿರುತ್ತದೆ. ಹೊಟ್ಟು, ತುಂಡು ಮಾಡಿದ ಜೋಳದ ಕಣಿಕೆ, ಬೇವಿನ ಒಣ ಎಲೆ, ಏನು ಸಿಕ್ಕರೂ ಪಾತಿಗೆ ನಾಲ್ಕು ಬೆರಳು ದಪ್ಪ ಹರಡಿ. ಬುಡಕ್ಕೆ ಮಾತ್ರ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ಹೀಗೆ ಹೊದಿಸಿದ ಪಾತಿ ಎಷ್ಟು ದಿನ ಹಸಿ ಹಿಡಿಯುತ್ತದೆ ಅಂತ ಕೈ ಹಾಕಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಯಾವ ನೀರು ಅನ್ನುವುದೂ ಮುಖ್ಯ. ಬೋರಿನ ನೀರು ಗಡಸು. ಪಾಟಿನ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿದ್ದರೆ ಮೇಲಿನ ಮಣ್ಣು ಕೆರೆದು ತೆಗೆದು, ಒಳ್ಳೆಯ ನೀರನ್ನು ಕೆಳಗಿನ ತೂತಿನಿಂದ ಹರಿಯುವಷ್ಟು ಒಮ್ಮೆ ಹಾಕಿ. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನು ಎಷ್ಟೋ ಜನ ಉಳಿತಾಯ ಅಂತ ಗಿಡಕ್ಕೆ ಸುರಿಯುತ್ತಾರೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ, ನೆಲ ಒರೆಸಲು ಇಟ್ಟುಕೊಳ್ಳಿ. ಎಸಿಯಿಂದ ತೊಟ್ಟಿಕ್ಕುವ ನೀರಲ್ಲಿ ಉಪ್ಪಿಲ್ಲ, ಅದು ಗಿಡಕ್ಕೆ ಒಳ್ಳೆಯದು. ಅಕ್ಕಿ, ಬೇಳೆ, ಪಲ್ಲೆ ತೊಳೆದ ನೀರೂ ಆಗುತ್ತದೆ. ಸೋಪಿನ ಪುಡಿಯ ನೀರು ಬೇಡವೇ ಬೇಡ.

ಮಾಳಿಗೆ ಮೇಲೆ ಪಾಟು ಇಟ್ಟವರಿಗೆ ಕಷ್ಟ ಜಾಸ್ತಿ. ಕೆಳಗಿನ ಸಿಮೆಂಟು ಹಂಚಿನಂತೆ ಕಾಯುತ್ತದೆ. ಪ್ರತಿ ಪಾಟಿಗೂ ಇಟ್ಟಿಗೆ ಕೊಟ್ಟು ಎತ್ತಿಡಿ. ಪಡುವಣ ಗೋಡೆಯ ಹತ್ತಿರ ಇದ್ದದ್ದನ್ನು ಮೂಡಣ ಬದಿಗೆ ತನ್ನಿ, ಬೆಳಗಿನ ಬಿಸಿಲು ಸಾಕು. ಬಿಡಿ ಬಿಡಿಯಾಗಿ ಇಡದೆ ಒತ್ತೊತ್ತಾಗಿ ಇಡಿ, ದೊಡ್ಡವು ಹೊರಗೆ, ಸಣ್ಣವು ನಡುವೆ. ಮೇಲೆ ನೆರಳಿಗೆ ಹಸಿರು ಬಲೆ ಕಟ್ಟಬಹುದು, ಹಳೆಯ ಸೀರೆಯಾದರೂ ನಡೆಯುತ್ತದೆ. ಪಾಟಿಗೆ ಬರೀ ಎರೆ ಮಣ್ಣು ತುಂಬಬೇಡಿ, ಇಟ್ಟಿಗೆಯಾಗಿ ಕೂರುತ್ತದೆ. ಒಂದು ಪಾಲು ಎರೆ, ಒಂದು ಪಾಲು ಮಸಾರಿ (ಕೆಂಪು) ಮಣ್ಣು ಅಥವಾ ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ.

ಲಗ್ನದ ಸೀಸನ್ನು ಬೇರೆ, ನಾಲ್ಕು ದಿನ ಊರಿಗೆ ಹೋಗಬೇಕಾಗುತ್ತದೆ. ಮಣ್ಣಿನ ಸಣ್ಣ ಗಡಿಗೆಯನ್ನು ಬುಡದಿಂದ ಒಂದು ಗೇಣು ದೂರ ಕುತ್ತಿಗೆವರೆಗೆ ಹೂತು, ನೀರು ತುಂಬಿಸಿ, ಬಾಯಿ ಮುಚ್ಚಿ ಹೋಗಿ. ಗಡಿಗೆಗೆ ಬಣ್ಣ ಹಚ್ಚಿರಬಾರದು, ಹಚ್ಚಿದ್ದರೆ ನೀರು ಜಿನುಗುವುದಿಲ್ಲ. ಬಾಯಿ ಮುಚ್ಚದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಕತ್ತರಿ ಹಿಡಿಯುವ ಬಗ್ಗೆ ಒಂದು ಮಾತು. ತಿಕೋಟಾ ಕಡೆ ದ್ರಾಕ್ಷಿ ತೋಟದವರು ಏಪ್ರಿಲ್‌ನಲ್ಲಿ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಮಾಡುವುದನ್ನು ಕಂಡು ಮನೆಯ ಗುಲಾಬಿಯನ್ನೂ ಬೋಳಿಸುವವರಿದ್ದಾರೆ. ದ್ರಾಕ್ಷಿಯ ಲೆಕ್ಕ ಬೇರೆ. ಅದಕ್ಕೆ ಬೇಸಿಗೆಯಲ್ಲಿ ಕಡ್ಡಿ ಬೆಳೆಯಬೇಕು, ಅಕ್ಟೋಬರ್ ಚಾಟ್ನಿಗೆ ಹಣ್ಣು ಬರಬೇಕು. ಗುಲಾಬಿಯನ್ನು ಈಗ ಬೋಳಿಸಿದರೆ ಬರಿ ಕಡ್ಡಿಗೆ ಬಿಸಿಲು ಬಡಿದು ಒಣಗುತ್ತದೆ. ಒಣ ಹೂವು ಮಾತ್ರ ಚಿವುಟಿ. ಮಲ್ಲಿಗೆಯನ್ನು ಚಳಿಗಾಲದಲ್ಲಿ ಕತ್ತರಿಸಿದ್ದವರಿಗೆ ಈಗ ಮೊಗ್ಗೇ ಮೊಗ್ಗು. ಮರೆತವರು ಹೂವಿನ ಕಾಲ ಮುಗಿಯುವವರೆಗೆ ಕತ್ತರಿ ಮುಟ್ಟಬೇಡಿ. ಕರಿಬೇವಿನಲ್ಲಿ ಹೂಗೊಂಚಲು ಬಂದರೆ ಚಿವುಟಿಬಿಡಿ, ಎಲೆ ಚೆನ್ನಾಗಿ ಬರುತ್ತದೆ.

ಲಿಂಬೆಗೆ ನೀರಿನ ಏರುಪೇರು ಆಗದು. ಇಂಡಿ ಕಡೆ ತೋಟ ಮಾಡಿದ ಯಾರನ್ನಾದರೂ ಕೇಳಿ. ಹತ್ತು ದಿನ ಒಣಗಿಸಿ ಒಮ್ಮೆಲೇ ಹೊಳೆ ಹರಿಸಿದರೆ ಮಿಡಿ ಉದುರುತ್ತದೆ, ಬಲಿತ ಕಾಯಿ ಸೀಳುತ್ತದೆ.

ಒಣ ಹವೆಗೆ ನುಸಿ ಬೇಗ ಬರುತ್ತದೆ. ಮೆಣಸಿನ ಗಿಡದ ಎಲೆ ಮುರುಟುವುದು, ದಾಸವಾಳದ ತುದಿಗೆ ಬಿಳಿ ಹಿಟ್ಟು ತಿಗಣೆ ಹತ್ತುವುದು ಈಗಲೇ. ಮೊದಲು ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ. ಅರ್ಧ ಕಾಟ ಅಲ್ಲೇ ಹೋಗುತ್ತದೆ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರವ ಕಲಸಿ, ಹೊತ್ತು ಇಳಿದ ಮೇಲೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಗೊಬ್ಬರ ಈಗ ಬೇಡ, ಮಜ್ಜಿಗೆ ತೆಳ್ಳಗೆ ಮಾಡಿ ಕರಿಬೇವಿಗೆ ಹಾಕುವವರು ಹಾಕಿಕೊಳ್ಳಲಿ.

ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ, ಅದಾದ ಮೇಲೆ ಭರಣಿ. ಗಾಳಿ, ಗುಡುಗು, ಕೆಲವೊಮ್ಮೆ ಆಣೆಕಲ್ಲು. ಒಣದ್ರಾಕ್ಷಿ ಮಾಡುವವರು ಮುಗಿಲು ನೋಡಿ ಹೆದರುತ್ತಾರೆ, ನಾವು ಹಿಗ್ಗುತ್ತೇವೆ. ಭರಣಿ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುವುದು ಹೊಲದವರ ಲೆಕ್ಕ. ಒಂದು ಅಡ್ಡಮಳೆ ನಂಬಿ ಹಿತ್ತಲಲ್ಲಿ ಸಸಿ ಇಟ್ಟರೆ ಮರುವಾರದ ಬಿಸಿಲಿಗೆ ಹೋಗುತ್ತದೆ. ಆ ಮಳೆಗೆ ಮೆತ್ತಗಾದ ನೆಲವನ್ನು ಬೇರೆ ಕೆಲಸಕ್ಕೆ ಬಳಸಿ. ಮಾವು, ಪೇರಲ, ನುಗ್ಗೆ ಹಚ್ಚುವ ಆಸೆ ಇದ್ದರೆ ಅಗಲ ಆಳ ಎರಡೂ ಎರಡು ಅಡಿ ಇರುವಂತೆ ಗುಂಡಿ ತೋಡಿ, ಬಾಯಿ ತೆರೆದು ಬಿಸಿಲಿಗೆ ಬಿಡಿ. ಮಣ್ಣಲ್ಲಿನ ಹುಳ, ಮೊಟ್ಟೆ ಕಾದು ಸಾಯುತ್ತವೆ. ಮೇಲಿನ ಮಣ್ಣು ಒಂದು ಬದಿ, ಕೆಳಗಿನದು ಇನ್ನೊಂದು ಬದಿ ಹಾಕಿಡಿ. ಜೂನ್‌ನಲ್ಲಿ ಮೃಗಶಿರಾ ಮಳೆ ಹಿಡಿದು ನೆಲ ಗೇಣುದ್ದ ನೆಂದ ಮೇಲೆ, ಮೇಲಿನ ಮಣ್ಣಿಗೆ ತಿಪ್ಪೆ ಗೊಬ್ಬರ ಕಲಸಿ ಮೊದಲು ತುಂಬಿ, ಸಸಿ ಇಡಿ.