ಮನೆಯಲ್ಲೇ ಬೇರೆ ಇರಬೇಕಾಗಿ ಬಂದರೆ: ರೂಮು, ಗಾಳಿ, ಬಾತ್‌ರೂಮು ಮತ್ತು ಉಳಿದ ಪ್ರಶ್ನೆಗಳು

"ಕೆಲವು ದಿನ ಮನೆಯಲ್ಲೇ ಪ್ರತ್ಯೇಕವಾಗಿರಿ" ಅಂತ ಹೇಳಿ ಡಾಕ್ಟರು ಫೋನ್ ಇಡುತ್ತಾರೆ. ನಿಜವಾದ ಪ್ರಶ್ನೆಗಳು ಶುರುವಾಗುವುದು ಆಮೇಲೆ. ಇರುವುದು ಒಂದೇ ಬಾತ್‌ರೂಮು, ಏನು ಮಾಡುವುದು? ತಟ್ಟೆ ಯಾರು ತೊಳೆಯಬೇಕು? ಯಾವಾಗ ಹೊರಗೆ ಬರಬಹುದು? ಯಾವಾಗ ಆಸ್ಪತ್ರೆಗೆ ಓಡಬೇಕು?

ಮೊದಲು ಕಾಯಿಲೆ ಯಾವುದು ಅಂತ ತಿಳಿದುಕೊಳ್ಳಿ. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಸ್ಯಾನಿಟೈಸರ್ ಕೊಳ್ಳಲು ಹೋಗುತ್ತಾರೆ. ಉಸಿರಿನಿಂದ ಹರಡುವ ಕಾಯಿಲೆಗೆ ಒಂದು ಥರದ ಎಚ್ಚರಿಕೆ, ವಾಂತಿ-ಭೇದಿಯಿಂದ ಹರಡುವುದಕ್ಕೆ ಇನ್ನೊಂದು ಥರ, ಮೈಮೇಲಿನ ಗುಳ್ಳೆಗಳಿಂದ ಹರಡುವುದಕ್ಕೆ ಮತ್ತೊಂದು. ದಿನಗಳ ಲೆಕ್ಕವೂ ಕಾಯಿಲೆಯ ಮೇಲೇ ನಿಂತಿದೆ.

ಎಷ್ಟು ದಿನ?

ಫ್ಲೂ ಆದರೆ ಲಕ್ಷಣ ಕಾಣುವ ಒಂದು ದಿನ ಮೊದಲಿಂದಲೇ ಹರಡಲು ಶುರುವಾಗುತ್ತದೆ, ಆಮೇಲೆ 5ರಿಂದ 7 ದಿನ ಮುಂದುವರಿಯುತ್ತದೆ. ದಡಾರದಲ್ಲಿ ಮೈಮೇಲೆ ಕೆಂಪು ಗುಳ್ಳೆ ಏಳುವ 4 ದಿನ ಮೊದಲಿಂದ, ಎದ್ದ ಮೇಲೆ 4 ದಿನದವರೆಗೆ. ಚಿಕನ್‌ಪಾಕ್ಸ್‌ನಲ್ಲಿ ಕ್ಯಾಲೆಂಡರ್ ನೋಡುವ ಹಾಗಿಲ್ಲ, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಬೇರೆ ಇರಬೇಕು. ಎಂಪಾಕ್ಸ್ (ಮೊದಲು ಮಂಕಿಪಾಕ್ಸ್ ಅನ್ನುತ್ತಿದ್ದ ಕಾಯಿಲೆ) ಇನ್ನೂ ನಿಧಾನ. ಹಕ್ಕಳೆ ಉದುರಿ ಕೆಳಗೆ ಹೊಸ ಚರ್ಮ ಬರಬೇಕು, ಸಾಮಾನ್ಯವಾಗಿ 2ರಿಂದ 4 ವಾರ ಹಿಡಿಯುತ್ತದೆ. ನೊರೊವೈರಸ್‌ನಂಥ ವಾಂತಿ-ಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಯಾರಿಗೂ ಅಡುಗೆ ಮಾಡಿ ಹಾಕಬಾರದು.

ಕೋವಿಡ್ ನಿಯಮ ಮಾತ್ರ ಬದಲಾಗುತ್ತಲೇ ಬಂದಿದೆ. 2020ರಲ್ಲಿ 10 ದಿನ ಅಂದಿದ್ದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಡಿಸೆಂಬರ್‌ನಲ್ಲಿ ಅದನ್ನು 5 ದಿನಕ್ಕೆ ಇಳಿಸಿತು. 2024ರ ಮಾರ್ಚ್‌ನಲ್ಲಿ ದಿನದ ಲೆಕ್ಕವನ್ನೇ ಬಿಟ್ಟು, ಜ್ವರದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದೆ, ಉಳಿದ ಲಕ್ಷಣಗಳೂ ಕಡಿಮೆಯಾಗುತ್ತಿದ್ದರೆ ಹೊರಗೆ ಬನ್ನಿ, ಆಮೇಲೆ 5 ದಿನ ಮಾಸ್ಕ್ ಹಾಕಿ ಹುಷಾರಾಗಿರಿ ಅಂತ ಹೇಳಿತು. ಆದ್ದರಿಂದ ಹಳೆಯ ಮೆಸೇಜ್ ನೋಡಿ ದಿನ ಎಣಿಸಬೇಡಿ, ನಿಮ್ಮ ಆರೋಗ್ಯ ಇಲಾಖೆ ಇವತ್ತು ಏನು ಹೇಳುತ್ತಿದೆಯೋ ಅದನ್ನೇ ನೋಡಿ. "ಮಾತ್ರೆ ಇಲ್ಲದೆ" ಅನ್ನುವುದನ್ನು ಮರೆಯಬೇಡಿ. ಬೆಳಗ್ಗೆ ಪ್ಯಾರಾಸಿಟಮಾಲ್ ನುಂಗಿ, ಮಧ್ಯಾಹ್ನ ಜ್ವರ ಇಲ್ಲ ಅಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ?

ಇನ್ನು ಕಾಯಿಲೆ ಬಂದಿಲ್ಲ, ಬಂದವರ ಜೊತೆ ಇದ್ದೆ ಅನ್ನುವವರು. ಇವರು ಕಾಯಬೇಕಾದದ್ದು ರೋಗಾಣು ಒಳಗೆ ಬೆಳೆಯಲು ತೆಗೆದುಕೊಳ್ಳುವ ಸಮಯ. ಕೋವಿಡ್‌ಗೆ ಅದು 2ರಿಂದ 14 ದಿನ, ದಡಾರಕ್ಕೆ 21 ದಿನದವರೆಗೂ ಆಗಬಹುದು. ಎರಡನೇ ದಿನ ಟೆಸ್ಟ್ ನೆಗೆಟಿವ್ ಬಂತು ಅಂತ ಮದುವೆ ಮನೆಗೆ ಹೊರಡಬೇಡಿ.

ಗಾಳಿ

ಉಸಿರಿನ ಕಾಯಿಲೆಯಲ್ಲಿ ನಿಮ್ಮ ಶ್ರಮ ಜಾಸ್ತಿ ಹೋಗಬೇಕಾದದ್ದು ಇಲ್ಲಿಗೆ. 2020ರಲ್ಲಿ ಪಾರ್ಸೆಲ್ ಡಬ್ಬಗಳನ್ನು ಒರೆಸಿ ಒರೆಸಿ ಕೈ ಸುಕ್ಕಾಗಿಸಿಕೊಂಡವರು ಎಷ್ಟೋ ಮಂದಿ, ಅದೇ ಮನೆಯಲ್ಲಿ ರೋಗಿಯ ರೂಮಿನ ಕಿಟಕಿ ಮಾತ್ರ "ಶೀತ ಆಗುತ್ತೆ" ಅಂತ ಮುಚ್ಚಿಯೇ ಇರುತ್ತಿತ್ತು. ಉಸಿರಾಡುವಾಗ, ಮಾತಾಡುವಾಗ, ಕೆಮ್ಮುವಾಗ ಹೊರಬರುವ ಸಣ್ಣ ಹನಿಗಳು ಸಿಗರೇಟಿನ ಹೊಗೆಯಂತೆ ಮುಚ್ಚಿದ ರೂಮಿನಲ್ಲಿ ತೇಲುತ್ತಲೇ ಇರುತ್ತವೆ. ದಡಾರದ ವೈರಸ್ಸಂತೂ ರೋಗಿ ಎದ್ದು ಹೋದ ಮೇಲೂ 2 ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ರೂಮಿನ ಬಾಗಿಲು ಮುಚ್ಚಿ, ಹೊರಗಡೆಯಿಂದ ಬಾಗಿಲಿನ ಕೆಳಸಂದಿಯ ಹತ್ತಿರ ತೆಳು ಟಿಶ್ಯೂ ಪೇಪರಿನ ಒಂದು ಪಟ್ಟಿ ಹಿಡಿಯಿರಿ. ಅದು ರೂಮಿನ ಕಡೆಗೆ ಬಾಗಿದರೆ ಒಳ್ಳೆಯದು, ಮನೆಯ ಗಾಳಿ ಒಳಗೆ ಹೋಗಿ ಕಿಟಕಿಯಿಂದ ಹೊರಟುಹೋಗುತ್ತಿದೆ ಅಂತ ಅರ್ಥ. ನಿಮ್ಮ ಕಡೆಗೆ ಬಾಗಿದರೆ ರೋಗಿಯ ಗಾಳಿ ಮನೆಯೊಳಗೆ ಬರುತ್ತಿದೆ. ಆಗ ಕಿಟಕಿಯಲ್ಲಿ ಹೊರಮುಖವಾಗಿ ಒಂದು ಫ್ಯಾನ್ ಇಡಿ, ಅಥವಾ ಆ ರೂಮಿಗೇ ಸೇರಿದ ಬಾತ್‌ರೂಮಿದ್ದರೆ ಅದರ ಎಕ್ಸಾಸ್ಟ್ ಫ್ಯಾನ್ ಹಾಕಿಡಿ. ಕೆಳಸಂದಿಗೆ ಹಳೇ ಟವೆಲ್ ತುರುಕಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೂಡ ರೋಗಿಯ ರೂಮಿನ ಗಾಳಿಯನ್ನು ಎಳೆದುಕೊಳ್ಳಬಹುದು. ಅದನ್ನು ಹಾಕಿ ಒಮ್ಮೆ, ಆರಿಸಿ ಒಮ್ಮೆ ಪಟ್ಟಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಗೋಡೆಗೆ ಹಾಕುವ ಎಸಿ ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ ಅಷ್ಟೇ. ಎಸಿ ಬೇಕೇ ಬೇಕು ಅಂದರೆ ನಡುನಡುವೆ ಕಿಟಕಿ ತೆರೆಯಿರಿ.

ಬೇರೆ ರೂಮೇ ಇಲ್ಲದಿದ್ದರೆ? ರೋಗಿಯನ್ನು ಕಿಟಕಿಯ ಹತ್ತಿರ ಮಲಗಿಸಿ, ಉಳಿದವರು ಬಾಗಿಲಿನ ಕಡೆ ಇರಿ. ಒಬ್ಬರ ತಲೆ ಇರುವ ಕಡೆ ಇನ್ನೊಬ್ಬರ ಕಾಲು ಬರುವಂತೆ ಹಾಸಿಗೆ ಹಾಕಿ. ಮಧ್ಯೆ ಪರದೆ ಕಟ್ಟಿದರೆ ಮನಸ್ಸಿಗೆ ಸಮಾಧಾನ, ಆದರೆ ಗಾಳಿಯನ್ನು ಅದು ತಡೆಯುವುದಿಲ್ಲ. ಎಚ್ಚರವಾಗಿರುವಷ್ಟು ಹೊತ್ತು ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ. ಎನ್95 ಆದರೆ ಉತ್ತಮ, ಕೆನ್ನೆಯ ಪಕ್ಕದಲ್ಲಿ ಸಂದಿ ಇರಬಾರದು. ಉಸಿರು ಹೊರಬಿಡುವ ವಾಲ್ವ್ ಇರುವ ಮಾಸ್ಕ್ ರೋಗಿಗೆ ಬೇಡ, ಅದರಿಂದ ಉಸಿರು ಹಾಗೇ ಹೊರಗೆ ಬರುತ್ತದೆ. 2 ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಹಾಕಲೇಬಾರದು.

ಒಂದೇ ಬಾತ್‌ರೂಮು

ರೋಗಿ ಕೊನೆಗೆ ಹೋಗಲಿ. ಹೋಗಿ ಬರುವಾಗ ಮಾಸ್ಕ್ ಇರಲಿ. ಅವರು ಬಂದ ಮೇಲೆ ಕಿಟಕಿ ತೆರೆದು, ಫ್ಯಾನ್ ಹಾಕಿ, ಆದಷ್ಟು ಹೊತ್ತು ಬಿಟ್ಟು ಮುಂದಿನವರು ಹೋಗಿ. ಟೂತ್‌ಬ್ರಷ್, ಟವೆಲ್, ಸೋಪು ರೋಗಿಯ ರೂಮಿನಲ್ಲೇ ಇರಲಿ, ಎಲ್ಲರ ಬ್ರಷ್ ಒಂದೇ ಲೋಟದಲ್ಲಿ ನಿಲ್ಲಿಸುವ ಅಭ್ಯಾಸ ಸದ್ಯಕ್ಕೆ ಬಿಡಿ. ಕಮೋಡಿಗೆ ಮುಚ್ಚಳ ಇದ್ದರೆ ಮುಚ್ಚಿ ಫ್ಲಶ್ ಮಾಡಿ.

ವಾಂತಿ-ಭೇದಿಯ ಕಾಯಿಲೆ ಆದರೆ ಇಡೀ ಕಥೆ ತಿರುಗುತ್ತದೆ. ಆಗ ಮುಖ್ಯವಾಗುವುದು ಬಾತ್‌ರೂಮು, ನಲ್ಲಿ, ಬಾಗಿಲಿನ ಹಿಡಿ ಮತ್ತು ಕೈ. ನೊರೊವೈರಸ್ ಮೇಲೆ ಸ್ಯಾನಿಟೈಸರ್ ಅಷ್ಟಾಗಿ ನಡೆಯುವುದಿಲ್ಲ, ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಕೈ ತೊಳೆಯಲೇಬೇಕು. ಒರೆಸಲು ಬ್ಲೀಚ್ ಬೇಕು. ಬಾಟಲಿಯ ಮೇಲೆ 5 ಪರ್ಸೆಂಟ್ ಅಂತ ಇದ್ದರೆ 1 ಲೀಟರ್ ನೀರಿಗೆ 20 ಮಿ.ಲೀ. ಹಾಕಿ, ದಿನಾ ಹೊಸದಾಗಿ ಕಲಸಿ, ಒರೆಸಿ ಕನಿಷ್ಠ 5 ನಿಮಿಷ ಒದ್ದೆಯಾಗಿರಲು ಬಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಬೆರೆಸಬೇಡಿ, ಯಾವ ಕಾರಣಕ್ಕೂ ಬೇಡ. ಅದರಿಂದ ಕ್ಲೋರಿನ್ ಅನಿಲ ಬರುತ್ತದೆ, ಸಣ್ಣ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಊಟ, ಪಾತ್ರೆ, ಬಟ್ಟೆ

ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟು ದೂರ ಹೋಗಿ, ಅವರು ತೆಗೆದುಕೊಳ್ಳಲಿ. ಪಾತ್ರೆಗೆ ಮಾಮೂಲಿ ಸೋಪು, ನೀರು ಸಾಕು, ತೊಳೆದ ಮೇಲೆ ಕೈ ತೊಳೆದುಕೊಳ್ಳಿ. ಬಟ್ಟೆಯನ್ನು ಕೊಡವಬೇಡಿ, ನೇರ ಬಕೆಟ್ಟಿಗೆ ಅಥವಾ ಮೆಷಿನ್ನಿಗೆ ಹಾಕಿ, ಬಟ್ಟೆ ತಡೆಯುವಷ್ಟು ಬಿಸಿ ನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ. ಎಂಪಾಕ್ಸ್‌ನಲ್ಲಿ ಹಾಸಿಗೆ ಬಟ್ಟೆ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು, ಗ್ಲೌಸ್ ಹಾಕಿಕೊಳ್ಳಿ.

ನೋಡಿಕೊಳ್ಳುವವರು ಒಬ್ಬರೇ ಇರಲಿ. ಪ್ರೀತಿಯಿಂದ ಎಲ್ಲರೂ ಒಂದೊಂದು ಸಲ ಇಣುಕಿದರೆ ಎಲ್ಲರಿಗೂ ಅಂಟುತ್ತದೆ. ವಯಸ್ಸಾದವರು, ಗರ್ಭಿಣಿಯರು, ಬೇರೆ ದೊಡ್ಡ ಕಾಯಿಲೆ ಇರುವವರು ಈ ಕೆಲಸಕ್ಕೆ ಬೇಡ. ದಡಾರವೋ ಚಿಕನ್‌ಪಾಕ್ಸೋ ಆದರೆ ಮೊದಲೇ ಅದು ಬಂದು ಹೋದವರು ಅಥವಾ ಲಸಿಕೆ ಹಾಕಿಸಿಕೊಂಡವರು ನೋಡಿಕೊಳ್ಳಲಿ.

ರೋಗಿ ಚಿಕ್ಕ ಮಗುವಾದರೆ ಒಂಟಿಯಾಗಿ ರೂಮಿನಲ್ಲಿ ಬಿಡುವ ಮಾತೇ ಇಲ್ಲ. ಒಬ್ಬರು ದೊಡ್ಡವರು ಮಾಸ್ಕ್ ಹಾಕಿಕೊಂಡು ಮಗುವಿನ ಜೊತೆ ಒಳಗೇ ಇರಬೇಕು, ಅವರಿಗೂ ಬರಬಹುದು ಅಂತ ಒಪ್ಪಿಕೊಂಡೇ. ಹಾಲೂಡಿಸುವ ತಾಯಿಗೆ ಕೋವಿಡ್ ಅಥವಾ ಫ್ಲೂ ಬಂದರೆ ಹಾಲು ನಿಲ್ಲಿಸಬೇಕಾಗಿಲ್ಲ, ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಬಹುದು.

ಜ್ವರ, ನೀರು, ಆಕ್ಸಿಮೀಟರ್

ದೊಡ್ಡವರಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ 500 ಮಿ.ಗ್ರಾಂನಿಂದ 1 ಗ್ರಾಂ, 4ರಿಂದ 6 ಗಂಟೆ ಅಂತರದಲ್ಲಿ, 24 ಗಂಟೆಗೆ ಒಟ್ಟು 4 ಗ್ರಾಂ ಮೀರಬಾರದು. ತೂಕ ಕಮ್ಮಿ ಇರುವವರು, ಲಿವರ್ ತೊಂದರೆ ಇರುವವರು, ಕುಡಿಯುವ ಅಭ್ಯಾಸ ಇರುವವರು ಇದಕ್ಕಿಂತ ಕಡಿಮೆ ತೆಗೆದುಕೊಳ್ಳಬೇಕು, ಎಷ್ಟು ಅಂತ ಡಾಕ್ಟರನ್ನು ಕೇಳಿ. ನೆಗಡಿ ಮಾತ್ರೆಗಳಲ್ಲೂ ಎಷ್ಟೋ ಸಲ ಪ್ಯಾರಾಸಿಟಮಾಲ್ ಸೇರಿರುತ್ತದೆ, ಹಿಂದಿನ ಸಣ್ಣ ಅಕ್ಷರ ಓದಿ, ಇಲ್ಲದಿದ್ದರೆ ಗೊತ್ತಿಲ್ಲದೆ ಡಬಲ್ ಆಗುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಕೂಡ ಸುಮ್ನೆ ನುಂಗಬೇಡಿ, ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ.

ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ. ಭೇದಿ ಇದ್ದರೆ ಓಆರ್‌ಎಸ್ ಪ್ಯಾಕೆಟ್ ತನ್ನಿ, ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪನ್ನು ಅಂದಾಜಿನಲ್ಲಿ ಹಾಕಬೇಡಿ. ಇಡೀ ದಿನ ಮಲಗಿಯೇ ಇರಬೇಡಿ, ರೂಮಿನಲ್ಲೇ ನಾಲ್ಕು ಹೆಜ್ಜೆ ಓಡಾಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ.

ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಇದೆ ಅಂತ ನೋಡುವ ಆಕ್ಸಿಮೀಟರ್ ಹಾಕುವ ಮೊದಲು ಉಗುರುಬಣ್ಣ ತೆಗೆದು, ಕೈ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಸುಮ್ಮನೆ ಕೂತು, ಅಂಕಿ ನಿಲ್ಲುವವರೆಗೆ ಕಾಯಿರಿ. 95 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರಿ. 94 ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಡಾಕ್ಟರಿಗೆ ಫೋನ್ ಮಾಡಿ, 90 ಅಥವಾ ಅದಕ್ಕಿಂತ ಕಡಿಮೆ ಆದರೆ ಆಸ್ಪತ್ರೆಗೆ ಹೊರಡಿ. ಕಪ್ಪು ಚರ್ಮದವರಲ್ಲಿ ಈ ಯಂತ್ರ ನಿಜಕ್ಕಿಂತ ಜಾಸ್ತಿ ತೋರಿಸಬಹುದು, ಹಾಗಾಗಿ ಒಂದು ಅಂಕಿಯನ್ನೇ ನಂಬಿ ಕೂರಬೇಡಿ. ಟೈಮ್ ಸಮೇತ ಕಾಗದದಲ್ಲಿ ಬರೆದಿಡಿ, ಇಳಿಯುತ್ತಾ ಹೋಗುತ್ತಿದೆಯಾ ಅನ್ನುವುದು ಆಗ ಕಾಣುತ್ತದೆ. ಕೋವಿಡ್‌ನಲ್ಲಿ ಮೊದಲ ಕೆಲವು ದಿನ ಚೆನ್ನಾಗಿದ್ದು, ಎರಡನೇ ವಾರದ ಹೊತ್ತಿಗೆ ಉಸಿರಾಟ ಕೆಡುವುದುಂಟು. ಜ್ವರ ಬಿಟ್ಟಿತು ಅಂತ ಬರೆಯುವುದನ್ನು ನಿಲ್ಲಿಸಬೇಡಿ.

ಅಂಕಿ ಏನೇ ಇರಲಿ, ಕೂತಲ್ಲೇ ಏದುಸಿರು, ಎದೆಯಲ್ಲಿ ಬಿಡದ ನೋವು, ತುಟಿ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು, ಮಾತು ತಪ್ಪುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು ಕಂಡರೆ ತಡ ಮಾಡಬೇಡಿ. ಮಕ್ಕಳಲ್ಲಿ ಉಸಿರೆಳೆದಾಗ ಪಕ್ಕೆಲುಬಿನ ಸಂದಿ ಒಳಗೆ ಹೋಗುವುದು, ಏನೂ ಕುಡಿಯದಿರುವುದು, 8 ಗಂಟೆಯಾದರೂ ಮೂತ್ರ ಮಾಡದಿರುವುದು ಕೂಡ ಅಷ್ಟೇ ಗಂಭೀರ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಯಾವ ಕಾಯಿಲೆ ಅಂತ ಹೇಳಿ, ಇಲ್ಲದಿದ್ದರೆ ನೀವು ಹೋಗಿ ಕೂರುವುದು ತುಂಬಿದ ವೇಟಿಂಗ್ ಹಾಲಿನಲ್ಲಿ.

ಒಬ್ಬರೇ ಇರುವವರು ದಿನಕ್ಕೆ ಎರಡು ಸಲ ಯಾರಿಗಾದರೂ ಮೆಸೇಜ್ ಹಾಕುವ ಒಪ್ಪಂದ ಮಾಡಿಕೊಳ್ಳಿ. ಬರದಿದ್ದರೆ ಅವರು ಫೋನ್ ಮಾಡಬೇಕು, ಎತ್ತದಿದ್ದರೆ ಬಂದು ಬಾಗಿಲು ತಟ್ಟಬೇಕು. ಬಾಗಿಲಿನ ಇನ್ನೊಂದು ಕೀ ಅವರ ಹತ್ತಿರ ಇರಲಿ, ಜ್ವರ ಏರುವ ಮೊದಲೇ ಕೊಟ್ಟುಬಿಡಿ.