ರಕ್ತದಾನದ ಮೇಷ್ಟ್ರಿಗೆ ನಾವು ಸನ್ಮಾನ ಮಾಡಿದ್ದು ಹೀಗೆ

ನಮ್ಮೂರಲ್ಲಿ ತುರ್ತಾಗಿ ರಕ್ತ ಬೇಕಾದರೆ ಜನ ಮೊದಲು ಫೋನ್ ಮಾಡುವುದು ನಿವೃತ್ತ ಮೇಷ್ಟ್ರೊಬ್ಬರಿಗೆ. ರಕ್ತದಾನಕ್ಕೆ ವಯಸ್ಸಿನ ಮಿತಿ 65. ಅದು ದಾಟಿದ ಮೇಲೆ ಅವರು ಕೊಡುವುದು ನಿಂತಿತು, ಕೊಡಿಸುವುದು ನಿಲ್ಲಲಿಲ್ಲ. ಅವರಿಗೊಂದು ಸನ್ಮಾನ ಮಾಡೋಣ ಅಂತ ನಾವು ಕೆಲವರು ಸೇರಿದೆವು.

ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇದ್ದೇ ಇರುತ್ತವೆ. ಜೊತೆಗೆ ದೊಡ್ಡ ಶಿಬಿರ ಇಡೋಣವಾ ಅಂತ ಕೇಳಿದೆವು. ಮೇಷ್ಟ್ರು ಒಪ್ಪಲಿಲ್ಲ. "ಎಲ್ಲರೂ ಒಂದೇ ದಿನ ಕೊಟ್ಟುಬಿಟ್ಟರೆ ಮುಂದಿನ ತಿಂಗಳು ಯಾರನ್ನಪ್ಪಾ ಕರೀಲಿ?" ಅಂದರು. ನಿಜ ಅಲ್ವಾ? ಒಮ್ಮೆ ಕೊಟ್ಟರೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಡೆಂಗಿ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್ ಅನ್ನೋ ರಕ್ತದ ಕಣ ಅಂತೂ 5 ದಿನದ ಮೇಲೆ ಇಡುವ ಹಾಗಿಲ್ಲ. ಮಳೆಗಾಲದ ಡೆಂಗಿಗೆ ಬೇಸಿಗೆಯಲ್ಲೇ ಕೂಡಿಡೋಕಾಗಲ್ಲ.

ಆಮೇಲೆ ತಮ್ಮ ಪುಸ್ತಕ ತೋರಿಸಿದರು. ಅಂಗಡಿಯವರು ಇಡುವಂಥ ಉದ್ದನೆಯ ಲೆಕ್ಕದ ಪುಸ್ತಕ. ಒಂದೊಂದು ರಕ್ತದ ಗುಂಪಿಗೆ ಒಂದಿಷ್ಟು ಪುಟ. ಹೆಸರಿನ ಮುಂದೆ ಕೊನೆಯ ಸಲ ಕೊಟ್ಟ ತಾರೀಕು, ಪೆನ್ಸಿಲ್‌ನಲ್ಲಿ. ಅಳಿಸಿ ಬರೆಯಬೇಕಲ್ಲ! ಪಕ್ಕದಲ್ಲಿ "ರಾತ್ರಿ ಪಾಳಿ, ಹಗಲು ಫೋನ್ ಬೇಡ", "ಇವರಮ್ಮನಿಗೆ ಹೇಳಬಾರದು" ಅಂತೆಲ್ಲ.

ಆ ಪುಸ್ತಕ ನೋಡಿಯೇ ಕಾರ್ಯಕ್ರಮ ರೂಪಿಸಿದೆವು. ದಿನ ಅಕ್ಟೋಬರ್ 1, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಬಾಗಿಲಲ್ಲಿ ತಿಂಗಳಿಗೊಂದು ಹಾಳೆ ಇಟ್ಟೆವು. ಬಂದವರು ತಾವು ಕೊಡುವ ತಿಂಗಳಲ್ಲಿ ಹೆಸರು ಬರೆದರು. ಅಪರೂಪದ ನೆಗೆಟಿವ್ ಗುಂಪಿನವರನ್ನು ಮಾತ್ರ ತಿಂಗಳಿಗೆ ಕಟ್ಟಿಹಾಕಲಿಲ್ಲ. ಅವರು ಯಾವಾಗ ಬೇಕಾಗುತ್ತಾರೋ ಹೇಳೋಕಾಗಲ್ಲ.

ಗಣ್ಯರ ಭಾಷಣಕ್ಕೆ ಕತ್ತರಿ ಹಾಕಿ, ರಕ್ತ ಪಡೆದ ಮನೆಯವರಿಗೆ ಮೈಕ್ ಕೊಟ್ಟೆವು. ಕೆಲವರಿಗೆ ಬೇಜಾರಾಯಿತು. ಆಗಲಿ. ಸನ್ಮಾನ ಪತ್ರದಿಂದ "ಕರುಣಾಮಯಿ", "ಸೇವಾರತ್ನ" ಎಲ್ಲ ಹೊಡೆದುಹಾಕಿದೆವು. 2020ರ ಪದ್ಮಶ್ರೀ ಪಡೆದ ಹರೇಕಳ ಹಾಜಬ್ಬರನ್ನೇ ನೋಡಿ. ಕಿತ್ತಳೆ ಮಾರಿದ ದುಡ್ಡು ಕೂಡಿಸಿ ಊರಿಗೆ ಶಾಲೆ ತಂದರು ಅಂದರೆ ಸಾಕು, ಬಿರುದು ಯಾಕೆ ಬೇಕು? ನಾವೂ ಮೇಷ್ಟ್ರು ಮಾಡಿದ ಕೆಲಸವನ್ನಷ್ಟೇ ಬರೆದೆವು. ಅದಕ್ಕೇ ಜಾಗ ಸಾಲಲಿಲ್ಲ.

ಈಗ ರಾತ್ರಿಯ ಕರೆಗಳನ್ನು ನಮ್ಮಲ್ಲಿ ಇಬ್ಬರು ನೋಡಿಕೊಳ್ಳುತ್ತಿದ್ದಾರೆ. ನಂಬರುಗಳು ವಾಟ್ಸಾಪ್ ಗುಂಪಿಗೆ ಹೋಗಬಾರದು ಅನ್ನುವುದು ಮೇಷ್ಟ್ರ ಷರತ್ತು. ಓ ನೆಗೆಟಿವ್‌ನವರಿಗೆ ಮಾತ್ರ ಇವತ್ತಿಗೂ ಅವರೇ ಫೋನ್ ಮಾಡುತ್ತಾರೆ.